ಪ್ರೆಸೆಂಟ್ ಟೆನ್ಸೋ ಪಾಸ್ಟ್ ಟೆನ್ಸೋ? ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರಿಗೆ ಮಾರ್ಗದರ್ಶಿ

‘ಟೈಮ್ ಎಷ್ಟಾಯ್ತು?’ ಅಂತ ಕನ್ನಡದಲ್ಲಿ ಕೇಳುತ್ತೇವೆ. ‘ಆಯ್ತು’ ಭೂತಕಾಲದ ರೂಪ. ಇದನ್ನೇ ಇಂಗ್ಲಿಷ್‌ನಲ್ಲಿ ಕೇಳುವಾಗ ‘ವಾಟ್ ಟೈಮ್ ಈಸ್ ಇಟ್?’ ಅನ್ನಬೇಕು. ಅಲ್ಲಿರುವುದು ‘ಈಸ್’, ಅಂದರೆ ವರ್ತಮಾನ. ‘ವಯಸ್ಸೆಷ್ಟಾಯ್ತು?’ ಅನ್ನುವುದಕ್ಕೂ ‘ಹೌ ಓಲ್ಡ್ ಆರ್ ಯೂ?’ ಅಂತಲೇ ಹೇಳಬೇಕು. ಇವೆರಡನ್ನು ಸಾಮಾನ್ಯವಾಗಿ ಯಾರೂ ತಪ್ಪು ಹೇಳುವುದಿಲ್ಲ. ಇಡೀ ವಾಕ್ಯವೇ ಬಾಯಿಪಾಠ ಆಗಿರುತ್ತದೆ. ಬಾಯಿಪಾಠ ಇಲ್ಲದ ವಾಕ್ಯ ಬಂದಾಗ ತೊಂದರೆ ಶುರುವಾಗುತ್ತದೆ.

ಶಾಲೆಯಲ್ಲಿ ಹನ್ನೆರಡು ಟೆನ್ಸ್‌ಗಳ ಪಟ್ಟಿ ಕಲಿಸುತ್ತಾರೆ. ಆ ಪಟ್ಟಿ ಚೆನ್ನಾಗಿ ಗೊತ್ತಿರುವವರೂ ಬರೆಯಲು ಕುಳಿತಾಗ ತಡವರಿಸುತ್ತಾರೆ. ಪಟ್ಟಿಯಲ್ಲಿ ರೂಪಗಳಿವೆ, ಯಾವಾಗ ಯಾವುದು ಅನ್ನುವುದು ಇಲ್ಲ. ಆಗ ಮನಸ್ಸು ಕನ್ನಡದ ಕ್ರಿಯಾಪದವನ್ನು ನೋಡಿ, ಅದೇ ಅಚ್ಚಿನ ಇಂಗ್ಲಿಷ್ ರೂಪವನ್ನು ಹುಡುಕುತ್ತದೆ. ಎಷ್ಟೋ ಸಲ ಅದು ಸರಿಹೋಗುತ್ತದೆ. ಎಲ್ಲಿ ಸರಿಹೋಗುವುದಿಲ್ಲ ಅನ್ನುವುದನ್ನು ತಿಳಿದುಕೊಳ್ಳುವುದೇ ನಿಜವಾದ ಕೆಲಸ. ಈ ಲೇಖನದಲ್ಲಿ ಆ ಜಾಗಗಳನ್ನು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಈಗ ಇದೆಯಾ, ಮುಗಿಯಿತಾ?

ವಾಕ್ಯ ಬರೆಯುವ ಮೊದಲು ಕನ್ನಡದ ರೂಪವನ್ನು ಪಕ್ಕಕ್ಕಿಡಿ. ಸಂಗತಿಯನ್ನೇ ನೋಡಿ. ನಾನು ಹೇಳುತ್ತಿರುವುದು ಈ ಗಳಿಗೆಯಲ್ಲೂ ಹಾಗೇ ಇದೆಯಾ? ಇದ್ದರೆ ಪ್ರೆಸೆಂಟ್. ಮುಗಿದು ಹಿಂದೆ ಉಳಿದಿದ್ದರೆ ಪಾಸ್ಟ್.

ಕೇಳಲು ಇದು ತೀರಾ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಕನ್ನಡದಲ್ಲಿ ಒಂದು ಸ್ಥಿತಿ ಶುರುವಾದದ್ದನ್ನು ಹೇಳಿದರೆ ಸಾಕು, ಅದು ಈಗಲೂ ಇದೆ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಹೆಚ್ಚಾಗಿ ಆ ಸ್ಥಿತಿಯನ್ನೇ ಹೇಳಬೇಕು. ಹಾಗಾಗಿ ‘ಅರ್ಥ ಆಯ್ತು’ ಅನ್ನುವುದು ‘ಐ ಅಂಡರ್‌ಸ್ಟ್ಯಾಂಡ್’. ‘ಐ ಅಂಡರ್‌ಸ್ಟುಡ್’ ಅಂದರೆ ಆಗ ಅರ್ಥವಾಗಿತ್ತು, ಈಗಿನ ಮಾತು ಬೇರೆ ಅಂತ ಕೇಳಿಸಬಹುದು. ‘ಹಸಿವಾಯ್ತು’ ಅಂದರೆ ‘ಐ ಆಮ್ ಹಂಗ್ರಿ’. ‘ಸುಸ್ತಾಯ್ತು’ ಅಂದರೆ ‘ಐ ಆಮ್ ಟೈರ್ಡ್’. ‘ತಡ ಆಯ್ತು, ಕ್ಷಮಿಸಿ’ ಅಂತ ಒಳಗೆ ಬರುತ್ತಾ ಹೇಳುವುದು ‘ಸಾರಿ, ಐ ಆಮ್ ಲೇಟ್’. ಮರುದಿನ ಅದೇ ವಿಷಯಕ್ಕೆ ಕ್ಷಮೆ ಕೇಳಿದರೆ ಮಾತ್ರ ‘ಐ ವಾಸ್ ಲೇಟ್’.

ಇನ್ನೊಂದು ಚೆಂದದ ಬಳಕೆ ಇದೆ. ಯಾರಾದರೂ ಕರೆದರೆ ‘ಬಂದೆ ಬಂದೆ’ ಅನ್ನುತ್ತೇವೆ, ಕುರ್ಚಿಯಿಂದ ಇನ್ನೂ ಎದ್ದೇ ಇರುವುದಿಲ್ಲ. ‘ನಾನು ಹೊರಟೆ’ ಅಂತ ಹೇಳಿ ಮತ್ತೆ ಹತ್ತು ನಿಮಿಷ ಮಾತಾಡುತ್ತೇವೆ. ಈಗಲೇ ಆಗಲಿರುವ ಕೆಲಸವನ್ನು ಆಗಿಯೇ ಹೋದಂತೆ ಹೇಳುವ ಈ ರೀತಿ ಇಂಗ್ಲಿಷ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ‘ಐ ಆಮ್ ಕಮಿಂಗ್’, ‘ಐ ಆಮ್ ಲೀವಿಂಗ್’. ‘ಬಸ್ ಬಂತು!’ ಅಂತ ಕೂಗುವುದು ‘ದ ಬಸ್ ಈಸ್ ಹಿಯರ್!’.

ಇದರ ಉಲ್ಟಾ ತೊಂದರೆಯೂ ಇದೆ. ಕನ್ನಡದ ‘ಬರುತ್ತೇನೆ’ ಒಂದೇ ರೂಪ, ದಿನಾ ಬರುವುದಕ್ಕೂ ನಾಳೆ ಬರುವುದಕ್ಕೂ ಸಾಕಾಗುತ್ತದೆ. ಇಂಗ್ಲಿಷ್‌ನಲ್ಲಿ ‘ಐ ಕಮ್ ಎವೆರಿ ಡೇ’ ಸರಿ, ‘ಐ ಕಮ್ ಟುಮಾರೋ’ ಸರಿಯಲ್ಲ. ‘ಐ ವಿಲ್ ಕಮ್ ಟುಮಾರೋ’ ಆಗಬೇಕು. ವೇಳಾಪಟ್ಟಿಯಂತೆ ಗಟ್ಟಿಯಾಗಿ ನಿಗದಿಯಾದದ್ದಕ್ಕೆ ಮಾತ್ರ ಪ್ರೆಸೆಂಟ್ ಬಳಸಬಹುದು: ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’.

ಹೆಜ್ಜೆ 2: ಕಾಲ ಹೇಳುವ ಪದ ಹುಡುಕಿ

ಮುಗಿದ ಸಂಗತಿ ಅಂತ ಗೊತ್ತಾದ ಮೇಲೆ, ಯಾವಾಗ ಆಯಿತು ಅಂತ ವಾಕ್ಯದಲ್ಲಿ ಹೇಳಿದ್ದೀರಾ ನೋಡಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 1930, ವೆನ್ ಐ ವಾಸ್ ಎ ಚೈಲ್ಡ್. ಇವುಗಳಲ್ಲಿ ಒಂದು ಇದ್ದರೆ ಸಿಂಪಲ್ ಪಾಸ್ಟ್ ಬಳಸಿ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ತಪ್ಪು. ‘ಐ ಸಾ ಹಿಮ್ ಯೆಸ್ಟರ್‌ಡೇ’ ಸರಿ.

ನಾವು ಈ ತಪ್ಪು ಮಾಡುವುದಕ್ಕೆ ಕಾರಣ ‘ನೋಡಿದ್ದೀನಿ’, ‘ನೋಡಿದ್ದೆ’ ಅನ್ನುವ ರೂಪಗಳು. ಕನ್ನಡದಲ್ಲಿ ‘ನಿನ್ನೆ ಅಲ್ಲಿಗೆ ಹೋಗಿದ್ದೆ’ ಅನ್ನುವುದು ತೀರಾ ಸಹಜ. ಅದನ್ನು ಅಚ್ಚಿಳಿಸಿದರೆ ‘ಐ ಹ್ಯಾಡ್ ಗಾನ್ ದೇರ್ ಯೆಸ್ಟರ್‌ಡೇ’ ಅಂತಾಗುತ್ತದೆ. ಇಂಗ್ಲಿಷ್ ಓದುಗರಿಗೆ ಅದು ಅರ್ಧಕ್ಕೆ ನಿಂತಂತೆ ಕೇಳಿಸುತ್ತದೆ. ಹೋಗಿದ್ದಿರಿ ಸರಿ, ಆಮೇಲೆ ಏನಾಯಿತು ಅಂತ ಕಾಯುತ್ತಾರೆ. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ನಡೆಯಿತು ಅಂತ ತೋರಿಸಲು ‘ಹ್ಯಾಡ್’ ಬೇಕು: ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’. ಒಂದೇ ಒಂದು ಸಂಗತಿ ಹೇಳುವಾಗ ‘ಐ ವೆಂಟ್ ದೇರ್ ಯೆಸ್ಟರ್‌ಡೇ’ ಸಾಕು. ನನ್ನ ಸಲಹೆ, ಬರೆದದ್ದರಲ್ಲಿ ‘ಹ್ಯಾಡ್’ ಕಂಡ ಕಡೆಯೆಲ್ಲ ಒಮ್ಮೆ ನಿಲ್ಲಿ. ಅದನ್ನು ತೆಗೆದು ಸಿಂಪಲ್ ಪಾಸ್ಟ್ ಹಾಕಿ ಓದಿ. ಅರ್ಥ ಕೆಡದಿದ್ದರೆ ‘ಹ್ಯಾಡ್’ ಬೇಡ.

‘ಮಾಡುತ್ತಿದ್ದೆ’ ಅನ್ನುವ ರೂಪಕ್ಕೂ ಹೀಗೇ ಗಮನ ಕೊಡಬೇಕು. ‘ಚಿಕ್ಕಂದಿನಲ್ಲಿ ಚೆಸ್ ಆಡ್ತಾ ಇದ್ದೆ’ ಅನ್ನುವುದು ಆಗಿನ ರೂಢಿ. ಅದು ‘ಐ ಯೂಸ್ಡ್ ಟು ಪ್ಲೇ ಚೆಸ್’. ‘ನೀವು ಫೋನ್ ಮಾಡಿದಾಗ ಚೆಸ್ ಆಡ್ತಾ ಇದ್ದೆ’ ಅನ್ನುವುದು ಆ ಗಳಿಗೆಯ ಕೆಲಸ. ಅದು ‘ಐ ವಾಸ್ ಪ್ಲೇಯಿಂಗ್ ಚೆಸ್’. ಕನ್ನಡದಲ್ಲಿ ರೂಪ ಒಂದೇ, ಇಂಗ್ಲಿಷ್‌ನಲ್ಲಿ ಎರಡು.

ಹೆಜ್ಜೆ 3: ಕಾಲದ ಪದ ಇಲ್ಲದಿದ್ದರೆ ವಾಕ್ಯವನ್ನು ‘ಇಲ್ಲ’ ಮಾಡಿ ನೋಡಿ

ಸಿಂಪಲ್ ಪಾಸ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್ ನಡುವೆ ಬಹಳ ಜನ ಸಿಕ್ಕಿಕೊಳ್ಳುತ್ತಾರೆ. ಇಲ್ಲಿ ಕನ್ನಡವೇ ನಮ್ಮ ಸಹಾಯಕ್ಕೆ ಬರುತ್ತದೆ. ‘ಅವನು ಬರಲಿಲ್ಲ’ ಮತ್ತು ‘ಅವನು ಬಂದಿಲ್ಲ’ ಎರಡನ್ನೂ ಹೇಳಿ ನೋಡಿ. ‘ಬರಲಿಲ್ಲ’ ಅಂದರೆ ಬರುವ ಹೊತ್ತು ಮುಗಿದುಹೋಯಿತು. ‘ಬಂದಿಲ್ಲ’ ಅಂದರೆ ಇನ್ನೂ ಬರಬಹುದು, ನಾವು ಕಾಯುತ್ತಿದ್ದೇವೆ. ಮೊದಲನೆಯದು ‘ಹಿ ಡಿಡ್ ನಾಟ್ ಕಮ್’. ಎರಡನೆಯದು ‘ಹಿ ಹ್ಯಾಸ್ ನಾಟ್ ಕಮ್’. ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ.

ಹಾಗಾಗಿ ಗೊಂದಲ ಆದಾಗ ನಿಮ್ಮ ವಾಕ್ಯವನ್ನು ಕನ್ನಡದಲ್ಲಿ ನಕಾರ ಮಾಡಿ. ‘ವರದಿ ಕಳಿಸಲಿಲ್ಲ’ ಅಂತ ಬಾಯಿಗೆ ಬಂದರೆ ಸಿಂಪಲ್ ಪಾಸ್ಟ್. ‘ವರದಿ ಕಳಿಸಿಲ್ಲ’ ಅಂತ ಬಂದರೆ ಪ್ರೆಸೆಂಟ್ ಪರ್ಫೆಕ್ಟ್. ಎಲ್ಲ ಊರುಗಳ ಕನ್ನಡದಲ್ಲೂ ಈ ಗೆರೆ ಅಷ್ಟೇ ಖಚಿತವಾಗಿ ಇರುವುದಿಲ್ಲ, ಆದರೆ ಬರಹದ ಕನ್ನಡದಲ್ಲಿ ಇದು ನಂಬಬಹುದಾದ ಪರೀಕ್ಷೆ.

ಪ್ರೆಸೆಂಟ್ ಪರ್ಫೆಕ್ಟ್ ಹೆಸರಿನಲ್ಲೇ ಪ್ರೆಸೆಂಟ್ ಇದೆ ಅನ್ನುವುದನ್ನು ಮರೆಯಬೇಡಿ. ಕೆಲಸ ಹಿಂದೆ ಆಗಿದ್ದರೂ ಮಾತು ಈಗಿನ ಬಗ್ಗೆ. ‘ಐ ಹ್ಯಾವ್ ಲಾಸ್ಟ್ ಮೈ ಕೀ’ ಅಂದರೆ ಕೀ ಈಗಲೂ ಸಿಕ್ಕಿಲ್ಲ. ‘ಐ ಲಾಸ್ಟ್ ಮೈ ಕೀ’ ಅಂದರೆ ಸಿಕ್ಕಿರಲೂಬಹುದು, ಇಲ್ಲದಿರಲೂಬಹುದು. ಅಮೆರಿಕನ್ ಇಂಗ್ಲಿಷ್‌ನಲ್ಲಿ ‘ಐ ಜಸ್ಟ್ ಏಟ್’ ಅನ್ನುವ ಕಡೆ ಬ್ರಿಟಿಷ್ ಇಂಗ್ಲಿಷ್‌ನಲ್ಲಿ ‘ಐ ಹ್ಯಾವ್ ಜಸ್ಟ್ ಈಟನ್’ ಜಾಸ್ತಿ ಕೇಳಿಸುತ್ತದೆ. ಎರಡೂ ಸರಿಯೇ.

ತೀರಿಹೋದವರ ಬಗ್ಗೆ ಬರೆಯುವಾಗ ಇದು ತುಂಬಾ ಮುಖ್ಯ. ‘ನ್ಯೂಟನ್ ಹ್ಯಾಸ್ ವಿಸಿಟೆಡ್ ಮೆನಿ ಪ್ಲೇಸಸ್’ ಅಂತ ಬರೆದರೆ ನ್ಯೂಟನ್ ಇನ್ನೂ ಬದುಕಿದ್ದಾನೆ, ಇನ್ನಷ್ಟು ಜಾಗ ನೋಡುತ್ತಾನೆ ಅನ್ನುವ ಅರ್ಥ ಬರುತ್ತದೆ. ಬದುಕು ಮುಗಿದವರ ಕೆಲಸಗಳಿಗೆ ಸಿಂಪಲ್ ಪಾಸ್ಟೇ ಸರಿ.

ಹೆಜ್ಜೆ 4: ಎಷ್ಟು ದಿನದಿಂದ?

‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೀನಿ.’ ಇದು ಇಂಗ್ಲಿಷ್‌ನಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಆಗಿ ಹೊರಬರುವುದನ್ನು ಇಂಟರ್ವ್ಯೂಗಳಲ್ಲಿ, ಇಮೇಲ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಅನ್ನಬೇಕು. ಅವಧಿಯ ಉದ್ದಕ್ಕೆ ‘ಫಾರ್’. ಶುರುವಾದ ಬಿಂದುವಿಗೆ ‘ಸಿನ್ಸ್’, ಉದಾಹರಣೆಗೆ ‘ಸಿನ್ಸ್ 2019’. ಅದೇ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಅಂದರೆ ಆ ಕೆಲಸ ಬಿಟ್ಟಿದ್ದೀರಿ. ಕೆಲಸದ ಅರ್ಜಿ ಓದುವವರಿಗೆ ಈ ಒಂದು ಕ್ರಿಯಾಪದ ಬಹಳ ದೊಡ್ಡ ವಿಷಯ ಹೇಳುತ್ತದೆ.

ಇಲ್ಲೇ ಇನ್ನೊಂದು ಮಾತು. ‘ಇದ್ದೀನಿ’ ಕಂಡಲ್ಲೆಲ್ಲ ‘ಇಂಗ್’ ಸೇರಿಸಬೇಡಿ. ನೋ, ಲೈಕ್, ವಾಂಟ್, ಬಿಲೀವ್, ಬಿಲಾಂಗ್ ಮೊದಲಾದವು ಕೆಲಸಕ್ಕಿಂತ ಸ್ಥಿತಿ ಹೇಳುವ ಪದಗಳು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಲ್ಲ, ‘ಐ ಹ್ಯಾವ್ ಟೂ ಬ್ರದರ್ಸ್’.

ಹೆಜ್ಜೆ 5: ಕಥೆ ಹೇಳುವಾಗ ಒಂದು ಕಾಲ ಹಿಡಿದು ಅಲ್ಲೇ ಇರಿ

ಈ ಕನ್ನಡ ಸಾಲುಗಳನ್ನು ಓದಿ: ‘ಬಾಗಿಲು ತೆಗೆದಳು. ಒಳಗೆ ಕತ್ತಲೆ. ಯಾರೂ ಇಲ್ಲ. ಜೋರಾಗಿ ಕೂಗಿದಳು.’ ಎಷ್ಟು ಸಹಜವಾಗಿದೆ. ಎರಡನೇ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಮೂರನೆಯದು ವರ್ತಮಾನ. ಆದರೂ ಕನ್ನಡ ಓದುಗರಿಗೆ ಎಲ್ಲೂ ಕಾಲ ಜಾರಿದಂತೆ ಅನ್ನಿಸುವುದಿಲ್ಲ.

ಇದನ್ನೇ ಇಂಗ್ಲಿಷ್‌ಗೆ ತಂದು ‘ಶಿ ಓಪನ್ಡ್ ದ ಡೋರ್. ದ ರೂಮ್ ಈಸ್ ಡಾರ್ಕ್. ನೋಬಡಿ ಈಸ್ ದೇರ್. ಶಿ ಷೌಟೆಡ್’ ಅಂತ ಬರೆದರೆ ಕಥೆ ಮುಗ್ಗರಿಸುತ್ತದೆ. ಇಂಗ್ಲಿಷ್ ಕಥನ ಪಾಸ್ಟ್‌ನಲ್ಲಿ ಶುರುವಾದರೆ ಕೋಣೆಯ ಕತ್ತಲೆಯೂ ಪಾಸ್ಟ್‌ನಲ್ಲೇ ಇರಬೇಕು. ‘ದ ರೂಮ್ ವಾಸ್ ಡಾರ್ಕ್. ನೋಬಡಿ ವಾಸ್ ದೇರ್.’ ನಮ್ಮವರ ಇಂಗ್ಲಿಷ್ ಕಥೆಗಳಲ್ಲಿ ಕಾಲ ಜಾರುವುದು ಬಹುಪಾಲು ಇಂಥ ವರ್ಣನೆಯ ವಾಕ್ಯಗಳಲ್ಲೇ. ಓಡಿದ, ಬಿದ್ದ, ಕೂಗಿದ ಅನ್ನುವ ಕ್ರಿಯೆಗಳಲ್ಲಿ ಯಾರೂ ಎಡವುವುದಿಲ್ಲ. ‘ಈಸ್’, ‘ಆರ್’, ‘ಹ್ಯಾಸ್’ ಅನ್ನುವ ಪುಟ್ಟ ಪದಗಳೇ ಕಣ್ಣು ತಪ್ಪಿಸಿ ಒಳಗೆ ಸೇರಿಕೊಳ್ಳುತ್ತವೆ. ತಿದ್ದುವಾಗ ಮೊದಲು ಅವನ್ನೇ ಹುಡುಕಿ.

ಹಾಗಾದರೆ ಇಡೀ ಕಥೆಯನ್ನೇ ಪ್ರೆಸೆಂಟ್‌ನಲ್ಲಿ ಬರೆಯಬಹುದಾ? ಖಂಡಿತ ಬರೆಯಬಹುದು. ಓದುಗರಿಗೆ ಎಲ್ಲವೂ ಕಣ್ಣೆದುರೇ ನಡೆದಂತೆ ಅನ್ನಿಸುತ್ತದೆ, ಮುಂದೇನಾಗುತ್ತದೆ ಅಂತ ಹೇಳುವವರಿಗೂ ಗೊತ್ತಿಲ್ಲದ ಒಂದು ತವಕ ಇರುತ್ತದೆ. ಆದರೆ ಕಥೆ ವರ್ಷಗಳ ಹಿಂದಕ್ಕೂ ಮುಂದಕ್ಕೂ ಓಡಾಡುವುದಾದರೆ, ಪಾತ್ರಗಳ ಹಳೆಯ ಬದುಕನ್ನು ನಡುನಡುವೆ ತರಬೇಕಾದರೆ, ಪಾಸ್ಟ್ ಟೆನ್ಸ್ ಕೊಡುವಷ್ಟು ಆರಾಮ ಪ್ರೆಸೆಂಟ್ ಕೊಡುವುದಿಲ್ಲ. ಇಂಗ್ಲಿಷ್‌ನಲ್ಲಿ ಮೊದಲ ಸಲ ಕಥೆ ಬರೆಯುವವರಿಗೆ ನಾನು ಹೇಳುವುದು ಪಾಸ್ಟ್ ಅಂತಲೇ. ಅದರಲ್ಲಿ ಕೈ ಕುದುರಿದ ಮೇಲೆ ಬೇಕಾದರೆ ಪ್ರೆಸೆಂಟ್ ಪ್ರಯತ್ನಿಸಿ. ಯಾವುದು ಒಗ್ಗುತ್ತದೆ ಅಂತ ಅನುಮಾನ ಇದ್ದರೆ, ಮೊದಲ ಪುಟವನ್ನು ಎರಡೂ ಕಾಲದಲ್ಲಿ ಬರೆದು ಗಟ್ಟಿಯಾಗಿ ಓದಿ. ಕಿವಿಗೆ ಬೇಗ ಗೊತ್ತಾಗುತ್ತದೆ.

ಹೆಜ್ಜೆ 6: ಬೇರೆಯವರ ಮಾತು ಹೇಳುವಾಗ

ಕನ್ನಡದಲ್ಲಿ ‘ಅಂತ’ ಅನ್ನುವ ಪದ ದೊಡ್ಡ ಕೆಲಸ ಮಾಡುತ್ತದೆ. ‘ನಾಳೆ ಬರ್ತೀನಿ ಅಂತ ಹೇಳಿದ.’ ಅವನಾಡಿದ ಮಾತು ಹಾಗೆ ಹಾಗೇ ಉಳಿಯಿತು. ಇಂಗ್ಲಿಷ್‌ನಲ್ಲಿ ‘ಸೆಡ್’ ಬಂದ ಕೂಡಲೇ ಒಳಗಿನ ಮಾತೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ: ‘ಹಿ ಸೆಡ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ’. ‘ಹುಷಾರಿಲ್ಲ ಅಂದಳು’ ಅನ್ನುವುದು ‘ಶಿ ಸೆಡ್ ಶಿ ವಾಸ್ ನಾಟ್ ವೆಲ್’.

ಆಕೆಗೆ ಈಗಲೂ ಹುಷಾರಿಲ್ಲದಿದ್ದರೆ ‘ಶಿ ಸೇಸ್ ಶಿ ಈಸ್ ನಾಟ್ ವೆಲ್’ ಅನ್ನಬಹುದು. ಯಾವತ್ತೂ ಬದಲಾಗದ ಸಂಗತಿಯಾದರೆ ಹಿಂದೆ ಸರಿಸುವ ಅಗತ್ಯ ಇಲ್ಲ: ‘ದ ಟೀಚರ್ ಸೆಡ್ ದಟ್ ದ ಅರ್ತ್ ಗೋಸ್ ರೌಂಡ್ ದ ಸನ್’. ಯೋಚನೆಗೂ ಇದೇ ಲೆಕ್ಕ. ‘ನೀವು ಇಲ್ಲೇ ಇದ್ದೀರಿ ಅಂದ್ಕೊಂಡೆ’ ಅನ್ನುವುದು ‘ಐ ಥಾಟ್ ಯೂ ವರ್ ಹಿಯರ್’.

ಹೆಜ್ಜೆ 7: ಬರಹದ ಜಾತಿ ನೋಡಿ

ಕೆಲವು ಬರಹಗಳಲ್ಲಿ ಕಾಲವನ್ನು ರೂಢಿ ತೀರ್ಮಾನಿಸುತ್ತದೆ. ಕಾದಂಬರಿ, ಸಿನಿಮಾದ ಕಥೆ ಬರೆಯುವಾಗ ಪ್ರೆಸೆಂಟ್, ಯಾಕಂದ್ರೆ ಪುಸ್ತಕ ತೆರೆದಾಗಲೆಲ್ಲ ಅದು ಮತ್ತೆ ನಡೆಯುತ್ತದೆ. ‘ಹ್ಯಾಮ್ಲೆಟ್ ಡೈಸ್ ಅಟ್ ದ ಎಂಡ್.’ ಬರೆದವರ ಬದುಕಿಗೆ ಪಾಸ್ಟ್: ‘ಷೇಕ್ಸ್‌ಪಿಯರ್ ಡೈಡ್ ಇನ್ 1616’. ಸಂಶೋಧನಾ ಲೇಖನದಲ್ಲಿ ಮಾಡಿದ ಪ್ರಯೋಗ, ಸಿಕ್ಕ ಅಳತೆ ಪಾಸ್ಟ್‌ನಲ್ಲಿ. ‘ಟೇಬಲ್ 2 ಷೋಸ್’ ಅನ್ನುವಂಥವು ಪ್ರೆಸೆಂಟ್‌ನಲ್ಲಿ, ಕೋಷ್ಟಕ ಇನ್ನೂ ಅಲ್ಲೇ ಇದೆಯಲ್ಲ. ಪತ್ರಿಕೆಯ ತಲೆಬರಹ ಪ್ರೆಸೆಂಟ್, ಕೆಳಗಿನ ಸುದ್ದಿ ಪಾಸ್ಟ್. ರೆಸ್ಯೂಮೆಯಲ್ಲಿ ಈಗಿನ ಕೆಲಸ ಪ್ರೆಸೆಂಟ್, ಬಿಟ್ಟ ಕೆಲಸಗಳು ಪಾಸ್ಟ್. ಹುಟ್ಟಿದ್ದಕ್ಕೆ ಯಾವಾಗಲೂ ‘ಐ ವಾಸ್ ಬಾರ್ನ್’. ‘ಐ ಆಮ್ ಬಾರ್ನ್’ ಬೇಡ.

ಹೆಜ್ಜೆ 8: ಪಾಸ್ಟ್ ರೂಪ ಇದ್ದರೂ ಹಿಂದಿನ ಮಾತಲ್ಲದ ಕಡೆ

‘ಒಂದು ವಿಷಯ ಕೇಳಬೇಕಿತ್ತು’ ಅಂತ ಯಾಕೆ ಅನ್ನುತ್ತೇವೆ? ಕೇಳಬೇಕಾದದ್ದು ಈಗಲೇ. ಆದರೂ ‘ಕೇಳಬೇಕು’ ಅನ್ನುವುದಕ್ಕಿಂತ ಅದು ಮೆತ್ತಗಿದೆ. ಇಂಗ್ಲಿಷ್‌ನಲ್ಲೂ ಹೀಗೇ: ‘ಐ ವಾಂಟೆಡ್ ಟು ಆಸ್ಕ್ ಯೂ ಸಮ್‌ಥಿಂಗ್’. ‘ಟೈಮ್ ಇದ್ದಿದ್ರೆ ಸಹಾಯ ಮಾಡ್ತಿದ್ದೆ’ ಅನ್ನುವಾಗ ಕನ್ನಡ ಇಲ್ಲದ ಸಂಗತಿಯನ್ನು ಭೂತಕ್ಕೆ ತಳ್ಳುತ್ತದೆ. ಇಂಗ್ಲಿಷ್ ಕೂಡ ತಳ್ಳುತ್ತದೆ: ‘ಇಫ್ ಐ ಹ್ಯಾಡ್ ಟೈಮ್, ಐ ವುಡ್ ಹೆಲ್ಪ್’. ಇಲ್ಲಿ ‘ಹ್ಯಾಡ್’ ನಿನ್ನೆಯ ಮಾತಲ್ಲ, ಈಗ ಟೈಮ್ ಇಲ್ಲ ಅನ್ನುವುದರ ಗುರುತು. ಈ ವಿಷಯದಲ್ಲಿ ನಿಮ್ಮ ಕನ್ನಡದ ಕಿವಿಯನ್ನೇ ಧೈರ್ಯವಾಗಿ ನಂಬಿ.

ಹೆಜ್ಜೆ 9: ಬರೆದ ಮೇಲೆ ಕ್ರಿಯಾಪದಗಳನ್ನು ಮಾತ್ರ ಓದಿ

ಬರೆದು ಮುಗಿದ ಮೇಲೆ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಪ್ರೆಸೆಂಟ್ ಆದರೆ ‘ಈ’ ಅಂತಲೂ ಪಾಸ್ಟ್ ಆದರೆ ‘ಹಿ’ ಅಂತಲೂ ಗುರುತು ಹಾಕಿ. ‘ಈ’ಯಿಂದ ‘ಹಿ’ಗೆ ಜಿಗಿದ ಕಡೆಯೆಲ್ಲ ನಿಂತು, ಈ ಜಿಗಿತಕ್ಕೆ ಕಾರಣ ಇದೆಯಾ ಅಂತ ಕೇಳಿ. ಒಂದೇ ಪ್ಯಾರಾದಲ್ಲಿ ಎರಡು ಕಾಲ ಇರಬಾರದು ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಕಾರಣ ಇದ್ದರೆ ಧಾರಾಳವಾಗಿ ಇರಬಹುದು.

ಪ್ಲೂಟೊ ಬಗ್ಗೆ ಬರೆದ ಈ ಸಾಲುಗಳನ್ನು ನೋಡಿ: ‘ಕ್ಲೈಡ್ ಟಾಂಬಾ ಡಿಸ್ಕವರ್ಡ್ ಪ್ಲೂಟೊ ಇನ್ 1930. ಫಾರ್ ಡೆಕೇಡ್ಸ್, ಪೀಪಲ್ ಕಾಲ್ಡ್ ಇಟ್ ದ ನೈಂತ್ ಪ್ಲಾನೆಟ್. ಇನ್ 2006, ಆಸ್ಟ್ರಾನಮರ್ಸ್ ಚೇಂಜ್ಡ್ ದ ಡೆಫಿನಿಷನ್, ಅಂಡ್ ಟುಡೇ ಪ್ಲೂಟೊ ಈಸ್ ಎ ಡ್ವಾರ್ಫ್ ಪ್ಲಾನೆಟ್. ಇಟ್ ಟೇಕ್ಸ್ ಅಬೌಟ್ 248 ಇಯರ್ಸ್ ಟು ಗೋ ರೌಂಡ್ ದ ಸನ್, ಸೋ ಇಟ್ ಹ್ಯಾಸ್ ನಾಟ್ ಕಂಪ್ಲೀಟೆಡ್ ಎ ಸಿಂಗಲ್ ಆರ್ಬಿಟ್ ಸಿನ್ಸ್ ಇಟ್ಸ್ ಡಿಸ್ಕವರಿ.’

ಕಂಡುಹಿಡಿದದ್ದಕ್ಕೆ ವರ್ಷ ಇದೆ, ‘ಡಿಸ್ಕವರ್ಡ್’ ಪಾಸ್ಟ್. ಒಂಬತ್ತನೇ ಗ್ರಹ ಅನ್ನುತ್ತಿದ್ದ ಕಾಲ ಮುಗಿಯಿತು, ‘ಕಾಲ್ಡ್’ ಪಾಸ್ಟ್. ವ್ಯಾಖ್ಯೆ ಬದಲಾದದ್ದು 2006ರಲ್ಲಿ, ಅದೂ ಪಾಸ್ಟ್. ಕುಬ್ಜ ಗ್ರಹ ಅನ್ನುವುದು ಈಗಿನ ಸ್ಥಿತಿ, ‘ಈಸ್’. ಸೂರ್ಯನನ್ನು ಸುತ್ತಲು ಹಿಡಿಯುವ ಕಾಲ ಅಂದೂ ಇಂದೂ ಅದೇ, ‘ಟೇಕ್ಸ್’. ಒಂದು ಸುತ್ತು ಇನ್ನೂ ಮುಗಿದಿಲ್ಲ. ‘ಮುಗಿಯಲಿಲ್ಲ’ ಅಲ್ಲ, ‘ಮುಗಿದಿಲ್ಲ’. ಹಾಗಾಗಿ ‘ಹ್ಯಾಸ್ ನಾಟ್ ಕಂಪ್ಲೀಟೆಡ್’. ನಾಲ್ಕೇ ವಾಕ್ಯಗಳಲ್ಲಿ ಮೂರು ರೂಪ ಬಂದಿವೆ, ಪ್ರತಿಯೊಂದಕ್ಕೂ ಕಾರಣ ಇದೆ.

ಈಗ ನೀವು ಮಾಡಿ ನೋಡಿ. ಈ ಐದು ಕನ್ನಡ ವಾಕ್ಯಗಳನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ, ಆಮೇಲೆ ಕೆಳಗಿನ ಉತ್ತರ ನೋಡಿ.

ಕಳೆದ ತಿಂಗಳು ಈ ಪುಸ್ತಕ ಓದಿದ್ದೆ.
ತುಂಬಾ ಸುಸ್ತಾಯ್ತು, ನಾನು ಹೊರಟೆ.
ಮೂರು ದಿನದಿಂದ ಜ್ವರ ಇದೆ.
ಅವರು ಇನ್ನೂ ಉತ್ತರ ಕೊಟ್ಟಿಲ್ಲ.
ಕಿಟಕಿಯಿಂದ ನೋಡಿದ, ರಸ್ತೆಯಲ್ಲಿ ಯಾರೂ ಇಲ್ಲ.

ಮೊದಲನೆಯದು ‘ಐ ರೆಡ್ ದಿಸ್ ಬುಕ್ ಲಾಸ್ಟ್ ಮಂತ್’, ‘ಹ್ಯಾಡ್’ ಬೇಡ. ಎರಡನೆಯದು ‘ಐ ಆಮ್ ವೆರಿ ಟೈರ್ಡ್, ಐ ಆಮ್ ಲೀವಿಂಗ್’. ಮೂರನೆಯದು ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್’. ನಾಲ್ಕನೆಯದು ‘ದೇ ಹ್ಯಾವ್ ನಾಟ್ ರಿಪ್ಲೈಡ್ ಯೆಟ್’. ಐದನೆಯದು ‘ಹಿ ಲುಕ್ಡ್ ಔಟ್ ಆಫ್ ದ ವಿಂಡೋ. ದೇರ್ ವಾಸ್ ನೋಬಡಿ ಆನ್ ದ ರೋಡ್’. ಇದರಲ್ಲಿ ‘ದೇರ್ ಈಸ್’ ಅಂತ ಬರೆದಿದ್ದರೆ ಐದನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ. ಆಮೇಲೆ ನಿಮ್ಮದೇ ಹಳೆಯ ಬರಹವೊಂದನ್ನು ತೆಗೆದುಕೊಂಡು ಅದರ ‘ಈಸ್’, ‘ಹ್ಯಾಡ್’ಗಳ ಕೆಳಗೆ ಗೆರೆ ಎಳೆಯಲು ಶುರುಮಾಡಿ.